ಕ್ಯಾಮೆರಾಕ್ಕೆ ಎಲ್ಲರೂ, ಮೈಕಿಗೆ ಯಾರೂ ಇಲ್ಲ

(ವಿಜಯಪುರದಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರಿಚಯ ಮಾಡಿಕೊಡುವಾಗ ಮೇಡಂ ನನ್ನನ್ನು ಸಿನಿಮಾ ಕ್ಷೇತ್ರದವರು ಅಂದರು. ಅಷ್ಟು ದೊಡ್ಡ ಮಾತು ಬೇಡ. ನನ್ನದು ಎಡಿಟಿಂಗ್ ಕೆಲಸ. ಮದುವೆ, ಸೀಮಂತ, ಜಾತ್ರೆ, ಚುನಾವಣೆ ಬಂದರೆ ಪ್ರಚಾರದ ವಿಡಿಯೋ, ಊರಲ್ಲಿ ಏನು ನಡೆದರೂ ನನ್ನ ಕಂಪ್ಯೂಟರಿಗೆ ಬರುತ್ತದೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕಾಲೇಜಿಗೆ ಗುಂಪಾಗಿ ಮಾಡಿಕೊಡಬೇಕಾದ ವಿಡಿಯೋ ಹಿಡಿದು ನಿಮ್ಮಂಥ ಹುಡುಗ ಹುಡುಗಿಯರೂ ಬರುತ್ತಾರೆ. ಪೆನ್‌ಡ್ರೈವ್ ಟೇಬಲ್ ಮೇಲೆ ಇಟ್ಟು ಹೇಳುವುದು ಒಂದೇ ಮಾತು. "ಸರ, ಶೂಟಿಂಗ್ ಎಲ್ಲಾ ಮುಗದೈತ್ರಿ. ಬರೇ ಜೋಡಸೂದು ಉಳದೈತಿ. ನಾಳಿಗೆ ಕೊಡಬೇಕ್ರಿ."

ಆ ಪೆನ್‌ಡ್ರೈವಿನಲ್ಲಿ ಏನಿರುತ್ತದೆ ಅನ್ನೋದು ನನಗೆ ಈಗ ಹೆಚ್ಚುಕಡಿಮೆ ಬಾಯಿಪಾಠ. ಗೋಳಗುಮ್ಮಟದ ಚಂದದ ಶಾಟ್‌ಗಳು ಬೇಕಾದಷ್ಟು ಇರುತ್ತವೆ. ನಿರೂಪಣೆ ಮಾಡುವ ಹುಡುಗ ಕೂದಲು ಸರಿಮಾಡಿಕೊಂಡು ನಡೆದು ಬರುವ ಸ್ಲೋ ಮೋಷನ್ ಇರುತ್ತದೆ. ಆಮೇಲೆ ಯಾರೋ ಒಬ್ಬ ಹಿರಿಯರು ಏನೋ ಹೇಳುತ್ತಿರುತ್ತಾರೆ. ಅದು ಕೇಳಿಸುವುದಿಲ್ಲ. ಅವರ ಹೆಸರೇನು ಅಂತ ಕೇಳಿದರೆ ಗುಂಪಿನವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಕ್ಯಾಮೆರಾ ಸರಿಯಿಲ್ಲ ಅಂತ ವಿದ್ಯಾರ್ಥಿಗಳ ವಿಡಿಯೋ ಕೆಡುವುದು ತೀರಾ ಕಡಿಮೆ. ನಿಮ್ಮ ಜೇಬಲ್ಲಿರುವ ಫೋನ್ ಸಾಕು. ಕೆಡುವುದು ಪರದೆಯ ಮೇಲೆ ಕಾಣದ ಕೆಲಸಗಳಲ್ಲಿ. ದನಿ ಹಿಡಿಯುವುದು, ಫೈಲ್ ಜೋಪಾನ ಮಾಡುವುದು, ಅನುಮತಿ ಕೇಳುವುದು, ಮಾತಾಡಿದವರ ಹೆಸರು ಊರು ಬರೆದುಕೊಳ್ಳುವುದು. ಇವಕ್ಕೆ ಗುಂಪಿನಲ್ಲಿ ಯಾರೂ ಕೈ ಎತ್ತುವುದಿಲ್ಲ. ಯಾಕಂದರೆ ಇವುಗಳಲ್ಲಿ ಮುಖ ಬರುವುದಿಲ್ಲ, ಸ್ಟೇಟಸ್ ಹಾಕಿಕೊಳ್ಳಲು ಫೋಟೋ ಸಿಗುವುದಿಲ್ಲ.

ಮೊದಲ ದಿನ ಗುಂಪು ಸೇರಿದಾಗ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಒಳ್ಳೆ ಫೋನ್ ಇದ್ದವನು ಕ್ಯಾಮೆರಾಮನ್. ಚೆನ್ನಾಗಿ ಮಾತಾಡುವವಳು ನಿರೂಪಕಿ. ಜೋರು ಮಾಡುವವನು ನಿರ್ದೇಶಕ. ಲ್ಯಾಪ್‌ಟಾಪ್ ಇರುವ ಪಾಪದ ಪ್ರಾಣಿ ಎಡಿಟರ್. ಉಳಿದ ಮೂರು ನಾಲ್ಕು ಜನಕ್ಕೆ 'ಸಹಾಯ' ಅಂತ ಹೆಸರು. ಸಹಾಯ ಅಂದರೆ ಏನು ಅಂತ ಯಾರಿಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಶೂಟಿಂಗ್ ದಿನ ಅವರು ಬರುತ್ತಾರೆ, ನೆರಳಲ್ಲಿ ಕೂತು ಭಜಿ ತಿಂದು ಹೋಗುತ್ತಾರೆ. ಅವರು ಸೋಮಾರಿಗಳು ಅಂತ ನಿರ್ದೇಶಕ ಬೈಯುತ್ತಾನೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರಿಗೆ ಕೆಲಸವನ್ನೇ ಕೊಟ್ಟಿಲ್ಲ.

ಇದರ ಬಗ್ಗೆ ಒಂದು ಹಳೇ ಪ್ರಯೋಗ ಇದೆ. ಮ್ಯಾಕ್ಸ್ ರಿಂಗೆಲ್‌ಮನ್ ಅಂತ ಫ್ರಾನ್ಸಿನ ಒಬ್ಬ ಕೃಷಿ ಎಂಜಿನಿಯರ್. ಜನರ ಕೈಗೆ ಹಗ್ಗ ಕೊಟ್ಟು ಎಳೆಸಿ, ಎಷ್ಟು ಬಲ ಹಾಕುತ್ತಾರೆ ಅಂತ ಅಳೆದ. 1913ರಲ್ಲಿ ಪ್ರಕಟವಾದ ಅವನ ಲೆಕ್ಕದ ಪ್ರಕಾರ ಎಂಟು ಜನ ಸೇರಿ ಎಳೆದಾಗ, ಒಬ್ಬೊಬ್ಬರ ಪಾಲಿನ ಬಲ ಒಂಟಿಯಾಗಿ ಎಳೆದಾಗಿನ ಅರ್ಧಕ್ಕೆ ಇಳಿದಿತ್ತು. ಅದರಲ್ಲಿ ಒಂದು ಪಾಲು ಎಲ್ಲರೂ ಒಟ್ಟಿಗೆ ಎಳೆಯದೆ ತಾಳ ತಪ್ಪಿದ್ದಕ್ಕೆ. ಇನ್ನೊಂದು ಪಾಲು 'ನಾನೊಬ್ಬ ಬಿಟ್ಟರೆ ಏನಾಗುತ್ತೆ ಬಿಡು' ಅನ್ನೋದಕ್ಕೆ. 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿಬ್ ಲಟಾನೆ ಮತ್ತು ಜೊತೆಯವರು ಹಗ್ಗ ಬಿಟ್ಟು, ಜನರಿಂದ ಕೂಗಿಸಿದರು, ಚಪ್ಪಾಳೆ ಹೊಡೆಸಿದರು. ಅಲ್ಲೂ ಅದೇ ಕಥೆ, ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರ ಸದ್ದು ಸಣ್ಣದು. ಆದರೆ ಅವರೇ ಆಮೇಲೆ ಮಾಡಿದ ಇನ್ನೊಂದು ಪ್ರಯೋಗ ನಮಗೆ ಬಹಳ ಮುಖ್ಯ. ಗುಂಪಿನಲ್ಲಿದ್ದರೂ ನಿನ್ನ ದನಿಯನ್ನು ಬೇರೆಯಾಗಿಯೇ ಅಳೆಯುತ್ತೇವೆ ಅಂತ ಹೇಳಿದಾಗ ಜನ ಕಳ್ಳಾಟ ಬಿಟ್ಟರು.

ಹಾಗಾಗಿ 'ಸಹಾಯ' ಅನ್ನೋ ಹುದ್ದೆ ತೆಗೆದುಹಾಕಿ. ದನಿಗೆ ಒಬ್ಬರು. ಫೈಲ್‌ಗೆ ಒಬ್ಬರು. ಜನರನ್ನು ಭೇಟಿ ಮಾಡಿ ಒಪ್ಪಿಗೆ ತಂದು, ಹೆಸರು ಬರೆದುಕೊಳ್ಳಲು ಒಬ್ಬರು. ಹಾಳೆಯ ಮೇಲೆ ಬರೆದು ಮೇಷ್ಟ್ರ ಕೈಗೆ ಕೊಡಿ. ಬರೆದು ಕೊಟ್ಟ ಮೇಲೆ ನೆರಳಲ್ಲಿ ಕೂರುವುದು ಸ್ವಲ್ಪ ಕಷ್ಟ.

ಈಗ ದನಿಯ ವಿಷಯ. ಇದರ ಬಗ್ಗೆ ಜಾಸ್ತಿ ಹೇಳುತ್ತೇನೆ, ಯಾಕಂದರೆ ನನ್ನ ಹತ್ತಿರ ಬರುವ ಹಾಳಾದ ಕೆಲಸಗಳಲ್ಲಿ ಬಹಳಷ್ಟು ಹಾಳಾಗಿರುವುದು ಇಲ್ಲೇ. ಚಿತ್ರ ಸ್ವಲ್ಪ ಮಸುಕಾದರೂ ನೋಡುವವರು ಸಹಿಸಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಅರ್ಧ ನಿಮಿಷ ಕೂಡ ಕೂರುವುದಿಲ್ಲ.

ನಮ್ಮ ಊರಿನ ಪುಣ್ಯವೋ ಪಾಪವೋ, ಎಲ್ಲ ಗುಂಪುಗಳೂ ಮೊದಲು ಓಡುವುದು ಗೋಳಗುಮ್ಮಟಕ್ಕೆ. 1656ರ ಹೊತ್ತಿಗೆ ಮುಗಿದ ಕಟ್ಟಡ, ಮಹಮ್ಮದ್ ಆದಿಲ್ ಶಾಹನ ಸಮಾಧಿ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಅಷ್ಟು ದೊಡ್ಡ ಗುಮ್ಮಟ ಹೊತ್ತ ಹಜಾರದ ನಡುವೆ ಒಂದು ಕಂಬ ಇಲ್ಲ. ಮೇಲಿನ ಗ್ಯಾಲರಿಯಲ್ಲಿ ಈ ಕಡೆ ಗೋಡೆಗೆ ಪಿಸುಗುಟ್ಟಿದರೆ ಆ ಕಡೆ ಗೋಡೆಯ ಹತ್ತಿರ ಕೂತವರಿಗೆ ಕೇಳಿಸುತ್ತದೆ. ಒಂದು ಸಲ ಕೂಗಿದರೆ ಏಳು ಸಲ ಮರುದನಿ ಅಂತ ಗೈಡ್‌ಗಳು ಹೇಳುತ್ತಾರೆ. ಇದನ್ನೆಲ್ಲ ನಿಮ್ಮ ನಿರೂಪಕಿ ಎಲ್ಲಿ ನಿಂತು ಹೇಳುತ್ತಾಳೆ? ಆ ಗುಮ್ಮಟದ ಕೆಳಗೇ ನಿಂತು. ಇಡೀ ಭಾರತದಲ್ಲಿ ಮಾತು ರೆಕಾರ್ಡ್ ಮಾಡಲು ಅದಕ್ಕಿಂತ ಕೆಟ್ಟ ಜಾಗ ಹುಡುಕುವುದು ಕಷ್ಟ! ಒಂದು ಪದದ ಬಾಲ ಇನ್ನೂ ಸುತ್ತುತ್ತಿರುವಾಗಲೇ ಮುಂದಿನ ಪದ ಬಂದು ಅದರ ಮೇಲೆ ಕೂರುತ್ತದೆ. ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ. ಜೊತೆಗೆ ಮೇಲಿಂದ ಪ್ರವಾಸಕ್ಕೆ ಬಂದ ಶಾಲೆ ಮಕ್ಕಳು "ಹೋ" ಅಂತಿರುತ್ತಾರೆ. ಇದನ್ನು ತಂದು "ಸರ, ಎಕೋ ತಗೀರಿ" ಅಂತ ನನಗೆ ಹೇಳುತ್ತಾರೆ. ಕಟ್ಟಡದ ಮರುದನಿಯಲ್ಲಿ ಸೇರಿಕೊಂಡ ಮಾತನ್ನು ಪೂರ್ತಿ ಬೇರ್ಪಡಿಸುವ ಸಾಫ್ಟ್‌ವೇರ್ ನನ್ನ ಹತ್ತಿರ ಇಲ್ಲ. ಸ್ವಲ್ಪ ಕಡಿಮೆ ಮಾಡಬಹುದು, ಆಗ ಮಾತು ನೀರಿನೊಳಗಿಂದ ಬಂದ ಹಾಗಾಗುತ್ತದೆ.

ದಾರಿ ಸುಲಭ. ಒಳಗೆ ಬರೀ ಚಿತ್ರ ತೆಗೆಯಿರಿ. ಮರುದನಿಯನ್ನು ಮರುದನಿಯಾಗಿಯೇ ಬೇರೆ ರೆಕಾರ್ಡ್ ಮಾಡಿಕೊಳ್ಳಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಒಬ್ಬರು ಒಂದೇ ಒಂದು ಚಪ್ಪಾಳೆ ಹೊಡೆಯಿರಿ, ಸದ್ದು ಪೂರ್ತಿ ಅಡಗುವವರೆಗೆ ಉಳಿದವರು ಬಾಯಿ ಮುಚ್ಚಿಕೊಂಡು ನಿಲ್ಲಿ. ನಿರೂಪಣೆಯ ಮಾತನ್ನು ಮನೆಗೆ ಬಂದು ಹೇಳಿ. ಫ್ಯಾನ್ ಆಫ್ ಮಾಡಿ, ಕಿಟಕಿ ಹಾಕಿ. ಮನೆಯಲ್ಲಿ ಅಜ್ಜಿ ಹೊಲಿದ ಕೌದಿ ಇರುತ್ತದಲ್ಲ, ಎರಡು ಕೌದಿ ಗೋಡೆಗೆ ತೂಗುಹಾಕಿ, ಒಂದನ್ನು ನೆಲಕ್ಕೆ ಹಾಸಿ. ದಪ್ಪ ಬಟ್ಟೆ ದನಿಯನ್ನು ಹೀರಿಕೊಳ್ಳುತ್ತದೆ, ಗೋಡೆಯಿಂದ ವಾಪಸ್ ಬರಲು ಬಿಡುವುದಿಲ್ಲ. ಕರೆಂಟ್ ಹೋದ ಹೊತ್ತು ಇನ್ನೂ ಒಳ್ಳೆಯದು. ಫ್ರಿಜ್ ಸದ್ದೂ ಇರುವುದಿಲ್ಲ, ಪಕ್ಕದ ಮನೆಯ ಟಿವಿ ಸದ್ದೂ ಇರುವುದಿಲ್ಲ.

ಹೊರಗೆ ಬೇರೆಯವರನ್ನು ಮಾತಾಡಿಸುವಾಗ ದೂರದ ಲೆಕ್ಕ ನೆನಪಿಡಿ. ಬಯಲಲ್ಲಿ ಬಾಯಿಗೂ ಮೈಕಿಗೂ ನಡುವಿನ ದೂರ ಎರಡು ಪಟ್ಟಾದರೆ ಮೈಕಿಗೆ ಮುಟ್ಟುವ ದನಿ 6 ಡೆಸಿಬೆಲ್ ಇಳಿಯುತ್ತದೆ. ಅರ್ಧ ಮೀಟರಿನಲ್ಲಿದ್ದ ಫೋನು ನಾಲ್ಕು ಮೀಟರ್ ಹಿಂದೆ ಹೋದರೆ 18 ಡೆಸಿಬೆಲ್ ಹೋಯಿತು. ಮಾತು ಇಳಿಯಿತು, ಆದರೆ ಗಾಳಿ ಇಳಿಯಲಿಲ್ಲ, ಪಕ್ಕದ ಟ್ರ್ಯಾಕ್ಟರ್ ಇಳಿಯಲಿಲ್ಲ. ಪೂರ್ತಿ ಆಳು, ಹಿಂದೆ ತೋಟ, ಮೇಲೆ ಆಕಾಶ ಎಲ್ಲ ಬರಲಿ ಅಂತ ಕ್ಯಾಮೆರಾಮನ್ ಹಿಂದೆ ಹಿಂದೆ ಹೋಗುತ್ತಾನೆ. ಹೋಗಲಿ ಬಿಡಿ. ಇನ್ನೊಂದು ಫೋನನ್ನು ರೆಕಾರ್ಡರ್ ಮಾಡಿ, ಮಾತಾಡುವವರ ಅಂಗಿ ಜೇಬಲ್ಲಿ ಮೈಕ್ ಮೇಲೆ ಬರುವ ಹಾಗೆ ಇಡಿ. ಕಡಿಮೆ ಬೆಲೆಯ ಕಾಲರ್ ಮೈಕ್ ಸಿಕ್ಕರೆ ಇನ್ನೂ ಚಲೋ. ಎರಡೂ ಫೋನ್ ಚಾಲೂ ಆದ ಮೇಲೆ ಕ್ಯಾಮೆರಾ ಎದುರು ಒಂದು ಚಪ್ಪಾಳೆ ಹೊಡೆಯಿರಿ. ಕೈ ಕೂಡಿದ ಚಿತ್ರ, ಟಪ್ ಅಂದ ಸದ್ದು, ಎರಡನ್ನೂ ಹೊಂದಿಸಿದರೆ ಎಡಿಟರ್ ಕೆಲಸ ನಿಮಿಷದಲ್ಲಿ ಮುಗಿಯುತ್ತದೆ.

ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ಡಿಗೆ ಹೋಗಿ ಬಂದ ಒಂದು ಗುಂಪಿನ ಕೆಲಸ ನೋಡಿದೆ. ವಿಷಯ ಬಹಳ ಚೆನ್ನಾಗಿತ್ತು. ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲವಾಗಿ ಒಳಗಿನ ನೀರು ಬೇಗ ಆರುತ್ತದೆ. ಆಮೇಲೆ ನೆರಳಲ್ಲಿ, ಸಾಲು ಸಾಲು ಬಲೆಯ ಮೇಲೆ, ಎರಡು ವಾರದ ಆಸುಪಾಸು ಒಣಗಿಸುತ್ತಾರೆ. ಗಾಳಿ ಆಡಲೇಬೇಕು, ಅದಕ್ಕೇ ಶೆಡ್ಡಿನ ಪಕ್ಕ ತೆರೆದಿರುತ್ತದೆ. ಗಾಳಿ ಆಡುವ ಜಾಗ ಅಂದಮೇಲೆ ಮೈಕಿಗೂ ಅದೇ ಗಾಳಿ, ಅಲ್ವಾ? ಮೇಲೆ ಹೊದಿಸಿದ ಪ್ಲಾಸ್ಟಿಕ್ ತಾಡಪತ್ರಿ ಪಟಪಟ ಅಂತಿತ್ತು. ರೈತರ ಹೆಗಲ ಮೇಲಿನ ವಲ್ಲಿ ಕಾಲರ್ ಮೈಕಿಗೆ ಉಜ್ಜುತ್ತಿತ್ತು. ಅವರು ಆ ವರ್ಷ ಬೆಲೆ ಬಿದ್ದ ಕಥೆ ಹೇಳುತ್ತಿದ್ದರು, ಮುಖದಲ್ಲಿ ಎಲ್ಲ ಕಾಣುತ್ತಿತ್ತು, ಕಿವಿಗೆ ಬರೀ ಕರಕರ. ಒಬ್ಬನೇ ಒಬ್ಬ ಹೆಡ್‌ಫೋನ್ ಹಾಕಿಕೊಂಡು ಅಲ್ಲೇ ಎರಡು ನಿಮಿಷ ಕೇಳಿದ್ದರೆ, "ಕಾಕಾ, ಆ ವಲ್ಲಿ ಒಂಚೂರು ಆಕಡೆ ಇಡ್ರಿ" ಅಂದಿದ್ದರೆ ಮುಗಿಯುತ್ತಿತ್ತು. ಏಳು ಜನರ ಗುಂಪು, ಏಳೂ ಜನರ ಜೇಬಲ್ಲಿ ಇಯರ್‌ಫೋನ್ ಇತ್ತು.

ಅದೇ ಗುಂಪಿನಲ್ಲಿ ಇನ್ನೊಂದು ವಿಚಿತ್ರ ನೋಡಿದೆ. ಮೊದಲ ಟೇಕ್‌ನಲ್ಲಿ ಆ ರೈತರು "ಏನ್ ಹೇಳಬೇಕ್ ತಮ್ಮಾ, ಹೋದ ವರ್ಸ ಮಾಡಿದ ಸಾಲನ ಇನ್ನ ಹರದಿಲ್ಲ" ಅಂತ ಸಲೀಸಾಗಿ ಮಾತಾಡಿದ್ದರು. ಗುಂಪಿನ ನಿರ್ದೇಶಕನಿಗೆ ಅದು ಹಿಡಿಸಲಿಲ್ಲ. "ಶುದ್ಧ ಕನ್ನಡದಲ್ಲಿ ಹೇಳ್ರಿ" ಅಂದಿದ್ದಾನೆ. ಎರಡನೇ ಟೇಕ್‌ನಲ್ಲಿ ಆ ಮನುಷ್ಯ ಕೈಕಟ್ಟಿ ನಿಂತು, ಪ್ರಜಾವಾಣಿ ಓದಿದ ಹಾಗೆ, "ರೈತರು ಸಂಕಷ್ಟದಲ್ಲಿದ್ದಾರೆ" ಅಂದರು. ವಿಡಿಯೋ ಅಲ್ಲೇ ಸತ್ತಿತು. ನಾನು ಮೊದಲನೆಯದನ್ನೇ ಹಾಕಿ ಅಂತ ಜಗಳ ಮಾಡಿದೆ. ಹಾಕಿದರು, ಆದರೆ ದನಿ ಕೇಳಿಸದ ಕಾರಣ ಕೆಳಗೆ ಅಕ್ಷರ ಕೊಡಬೇಕಾಯಿತು.

ಅಕ್ಷರ ಅಂದಾಗ ನೆನಪಾಯಿತು. ಕನ್ನಡದಲ್ಲಿ ಟೈಟಲ್ ಹಾಕುವವರಿಗೆಲ್ಲ ಒಂದು ಗಂಡಾಂತರ ಕಾದಿರುತ್ತದೆ. 'ಒಣದ್ರಾಕ್ಷಿ' ಅಂತ ಟೈಪ್ ಮಾಡಿದರೆ ಪರದೆಯ ಮೇಲೆ 'ಒಣದ್‌ರಾಕ್‌ಷಿ' ಅಂತ ಮುರಿದು ಬರುತ್ತದೆ. ಪ್ರೀಮಿಯರ್ ಪ್ರೋ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಇದು ತಂತ್ರಾಂಶದ ದೋಷ ಅಲ್ಲ, ಸೆಟ್ಟಿಂಗ್. ಪ್ರಿಫರೆನ್ಸಸ್ ಒಳಗೆ ಗ್ರಾಫಿಕ್ಸ್ ಅಂತ ಇದೆ, ಅಲ್ಲಿ ಟೆಕ್ಸ್ಟ್ ಎಂಜಿನನ್ನು 'ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್' ಮಾಡಿದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿದ ಸ್ಕ್ರಿಪ್ಟ್ ತಂದು ಅಂಟಿಸಿದರೆ ಕನ್ನಡವೇ ಬರುವುದಿಲ್ಲ, ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬರುತ್ತದೆ. ಮೊದಲೇ ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಫೋನಲ್ಲಿ ನೀವು ಚಾಟ್ ಮಾಡುವ ಕನ್ನಡ ಯುನಿಕೋಡ್ ಕನ್ನಡವೇ, ಹೊಸದೇನೂ ಕಲಿಯಬೇಕಿಲ್ಲ.

ಇನ್ನು ಫೈಲ್‌ಗಳ ಕಥೆ. ನಾಲ್ಕು ಜನ ನಾಲ್ಕು ಫೋನಲ್ಲಿ ತೆಗೆಯುತ್ತೀರಿ. ಸಂಜೆ ಎಲ್ಲವನ್ನೂ ಎಡಿಟರಿಗೆ ಕಳಿಸುತ್ತೀರಿ. ಹೇಗೆ? ವಾಟ್ಸಾಪಿನಲ್ಲಿ. ಅದು ವಿಡಿಯೋವನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ. ಫೈಲ್ ಹೆಸರಲ್ಲಿ 'ಡಬ್ಲ್ಯೂ ಎ' ಅನ್ನೋ ಎರಡಕ್ಷರ ಕಂಡರೆ ಸಾಕು, ಒರಿಜಿನಲ್ ಅಲ್ಲ ಅಂತ ನನಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ಆ ಹುಡುಗ ಫೋನಲ್ಲಿ ಜಾಗ ಇಲ್ಲ ಅಂತ ಒರಿಜಿನಲ್ ಅಳಿಸಿಬಿಟ್ಟಿರುತ್ತಾನೆ. ವಾಟ್ಸಾಪೇ ಬೇಕು ಅಂದರೆ 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಿ, 2 ಜಿಬಿವರೆಗಿನ ಫೈಲ್ ಇದ್ದ ಹಾಗೇ ಹೋಗುತ್ತದೆ. ಗೂಗಲ್ ಡ್ರೈವ್ ಅಂದರೆ ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೇ ನಿಮ್ಮ ಮೇಲ್, ಫೋಟೋ ಎಲ್ಲ. ಫೋರ್-ಕೆಯಲ್ಲಿ ತೆಗೆದರೆ ನಿಮಿಷಕ್ಕೆ 350 ಎಂಬಿವರೆಗೂ ಹೋಗಬಹುದು. ಫೋನಿನಿಂದ ಫೋನಿಗೆ ಹೆಚ್ಚುಕಡಿಮೆ ಇರುತ್ತದೆ, ಆದರೂ ಒಂದು ಗಂಟೆಯ ಶೂಟಿಂಗ್ ಅಂದರೆ ಲೆಕ್ಕ ಹಾಕಿ. ಕಾಲೇಜಿನ ಪ್ರೊಜೆಕ್ಟರಿನಲ್ಲಿ ತೋರಿಸುವ ಹತ್ತು ನಿಮಿಷಕ್ಕೆ ಫೋರ್-ಕೆ ಯಾಕೆ ಬೇಕು? 1080ಪಿ ಧಾರಾಳ ಸಾಕು.

ಪೆನ್‌ಡ್ರೈವಿನಲ್ಲೂ ಒಂದು ಬಲೆ ಇದೆ. ಎಫ್‌ಎಟಿ32 ಅನ್ನೋ ಹಳೇ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ, 4 ಜಿಬಿಗಿಂತ ದೊಡ್ಡದಾದ ಒಂದೇ ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ. ಒಳಗೆ 50 ಜಿಬಿ ಖಾಲಿ ಇದ್ದರೂ 'ಫೈಲ್ ತೀರಾ ದೊಡ್ಡದು' ಅನ್ನೋ ಅರ್ಥದಲ್ಲಿ ಏನೋ ಹೇಳುತ್ತದೆ. ಸಲ್ಲಿಸುವ ದಿನ ಬೆಳಿಗ್ಗೆ ಇದು ಗೊತ್ತಾಗಿ ಅತ್ತವರನ್ನು ನೋಡಿದ್ದೇನೆ. ಎಕ್ಸ್‌ಫ್ಯಾಟ್ ಅನ್ನೋ ಹೊಸ ಮಾದರಿಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ, ಆದರೆ ಫಾರ್ಮ್ಯಾಟ್ ಅಂದರೆ ಒಳಗಿರುವುದೆಲ್ಲ ಅಳಿಯುತ್ತದೆ, ಮೊದಲು ಬೇರೆ ಕಡೆ ತೆಗೆದಿಡಿ.

ಫೋನ್ ಸೆಟ್ಟಿಂಗ್ ಬಗ್ಗೆ ಬೇಗ ಬೇಗ ಹೇಳಿಬಿಡುತ್ತೇನೆ. ಎಲ್ಲರೂ ಅಡ್ಡ ಹಿಡಿಯುತ್ತೀರೋ ಉದ್ದ ಹಿಡಿಯುತ್ತೀರೋ ಮೊದಲೇ ಮಾತಾಡಿಕೊಳ್ಳಿ. ಎಲ್ಲ ಫೋನಿನ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋ ಲೆಕ್ಕ, ಒಂದೇ ಇರಲಿ. ನಮ್ಮ ದೇಶದ ಕರೆಂಟ್ 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟ್ ಕೆಳಗೆ ತೆಗೆದ ವಿಡಿಯೋದಲ್ಲಿ ಪಟ್ಟೆ ಓಡುತ್ತಿದ್ದರೆ ಶಟರ್ ಸ್ಪೀಡನ್ನು ಐವತ್ತನೇ ಒಂದು ಅಥವಾ ನೂರನೇ ಒಂದು ಸೆಕೆಂಡಿಗೆ ಇಡಿ, ಪಟ್ಟೆ ಹೋಗುತ್ತದೆ. ಫೋನುಗಳು ಫ್ರೇಮ್ ರೇಟನ್ನು ತಾವೇ ಹಿಂದೆ ಮುಂದೆ ಮಾಡುತ್ತಿರುತ್ತವೆ. ಉದ್ದನೆಯ ಸಂದರ್ಶನದಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುವುದು ಬಹಳ ಸಲ ಅದರಿಂದಲೇ. ಹ್ಯಾಂಡ್‌ಬ್ರೇಕ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಎಡಿಟಿಂಗಿಗೆ ಮುಂಚೆ ಅದರಲ್ಲಿ ಒಂದೇ ಫ್ರೇಮ್ ರೇಟಿಗೆ ತಂದುಕೊಳ್ಳಿ. ಬಿಸಿಲಿನ ವಿಷಯ ನಿಮಗೆ ಹೇಳಬೇಕಾ? ಐಫೋನನ್ನು 35 ಡಿಗ್ರಿವರೆಗಿನ ವಾತಾವರಣದಲ್ಲಿ ಬಳಸಿ ಅಂತ ಆ್ಯಪಲ್ ಕಂಪನಿಯೇ ಹೇಳುತ್ತದೆ. ನಮ್ಮಲ್ಲಿ ಏಪ್ರಿಲ್ ಬಂತೆಂದರೆ 40 ದಾಟುತ್ತದೆ. ಮಧ್ಯಾಹ್ನ ಬಾರಾಕಮಾನದ ಕಲ್ಲಿನ ಮೇಲೆ ಫೋನ್ ಇಟ್ಟು ಟೈಮ್‌ಲ್ಯಾಪ್ಸ್ ಮಾಡಲು ಹೋದರೆ ಅದು ಬಂದ್ ಆಗುತ್ತದೆ, ತಪ್ಪು ಫೋನಿನದಲ್ಲ.

ಹಾಗಾದರೆ ಬೆಳಿಗ್ಗೆ ಸಂಜೆ ತೆಗೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಇಲ್ಲಿ ಒಂದು ತೊಡಕಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಸಂಜೆ ಆರೂವರೆಯ ಬೆಳಕು ಚಂದ. ಆದರೆ ನಿಮ್ಮ ಗುಂಪಿನಲ್ಲಿರುವ ಹುಡುಗಿಗೆ ಬಬಲೇಶ್ವರದ ಕಡೆಗೋ ಸಿಂದಗಿ ಕಡೆಗೋ ಹೋಗುವ ಬಸ್ ಐದಕ್ಕೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಸರಿ. ದುಡ್ಡು ಉಳಿಯಿತು, ಬಸ್ಸಿನ ಟೈಮ್ ಬದಲಾಗಲಿಲ್ಲ. ಕತ್ತಲಾದ ಮೇಲೆ ಊರ ಸ್ಟ್ಯಾಂಡಿನಲ್ಲಿ ಇಳಿದರೆ ಮನೆಯಲ್ಲಿ ಕೇಳುವ ಪ್ರಶ್ನೆಗಳೂ ಬದಲಾಗಲಿಲ್ಲ. ಶೂಟಿಂಗ್ ಟೈಮ್ ಗೊತ್ತು ಮಾಡುವವರು ಯಾರು? ಬೈಕ್ ಇರುವ ಹುಡುಗರು. ಕೊನೆಗೆ ಏನಾಗುತ್ತದೆ ಅಂದರೆ ಹುಡುಗಿಯರ ಪಾಲಿಗೆ ಸ್ಕ್ರಿಪ್ಟ್ ಬರೆಯುವುದು, ರಿಪೋರ್ಟ್ ಟೈಪ್ ಮಾಡುವುದು, ಸ್ಪೈರಲ್ ಬೈಂಡಿಂಗ್ ಮಾಡಿಸುವುದು. ಕ್ಯಾಮೆರಾ ಮುಟ್ಟದೇ ಕೋರ್ಸ್ ಮುಗಿಯುತ್ತದೆ. ಅವರಿಗೆ ಆಸಕ್ತಿ ಇಲ್ಲ ಸರ್ ಅಂತ ಒಬ್ಬ ಹುಡುಗ ನನಗೆ ಹೇಳಿದ. ಆಸಕ್ತಿ ಅಲ್ಲಪ್ಪ, ಬಸ್ ಇಲ್ಲ. ಬೆಳಿಗ್ಗೆ ಎಂಟರಿಂದ ಹತ್ತರವರೆಗಿನ ಬೆಳಕೂ ಚೆನ್ನಾಗಿಯೇ ಇರುತ್ತದೆ. ಶೂಟಿಂಗ್ ಪಟ್ಟಿ ಮಾಡುವ ಮೊದಲು ಎಲ್ಲರ ಬಸ್ ಟೈಮ್ ಬರೆದುಕೊಳ್ಳಿ.

ಅನುಮತಿ. ಗೋಳಗುಮ್ಮಟ, ಇಬ್ರಾಹಿಂ ರೋಜಾ ಇವೆಲ್ಲ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಯಲ್ಲಿವೆ. ಕೈಯಲ್ಲಿ ಫೋನ್ ಹಿಡಿದು ತೆಗೆದರೆ ಯಾರೂ ಏನೂ ಅನ್ನುವುದಿಲ್ಲ. ಸ್ಟ್ಯಾಂಡ್, ಲೈಟ್, ದೊಡ್ಡ ಕ್ಯಾಮೆರಾ ತಂದರೆ ಕೇಳುತ್ತಾರೆ, ಡ್ರೋನ್ ಅಂತೂ ಬೇಡವೇ ಬೇಡ. ಕಾಲೇಜಿನ ಪತ್ರ ಹಿಡಿದು ಇಲಾಖೆ ಕಚೇರಿಗೆ ಮೊದಲೇ ಹೋಗಿ ಕೇಳಿ. ಗೇಟಿನಲ್ಲಿ ನಿಂತು ಕಾವಲುಗಾರರ ಜೊತೆ ವಾದ ಮಾಡಬೇಡಿ, ಅವರು ತಮ್ಮ ಡ್ಯೂಟಿ ಮಾಡುತ್ತಿರುತ್ತಾರೆ.

ಜನರ ಒಪ್ಪಿಗೆ ಇದಕ್ಕಿಂತ ದೊಡ್ಡದು. ಒಣದ್ರಾಕ್ಷಿ ಆರಿಸುವ ಹೆಣ್ಣುಮಕ್ಕಳ ಮುಖ ಹತ್ತಿರದಿಂದ ತೆಗೆದು, ದುಃಖದ ಸಂಗೀತ ಹಾಕಿ, ಯೂಟ್ಯೂಬಿಗೆ ಬಿಡುತ್ತೀರಿ. ಅವರು ಕೇಳಿದ್ದರಾ? ಕಾಲೇಜಲ್ಲಿ ತೋರಿಸುತ್ತೇವೆ ಅಂತ ಹೇಳಿ ಆಮೇಲೆ ರೀಲ್ಸ್ ಹಾಕಿದರೆ ಅದು ಮೋಸ. ಯಾವುದಕ್ಕೆ, ಎಲ್ಲಿ ಅಂತ ಹೇಳಿ. ಅವರು ಒಪ್ಪಿದ ಮಾತನ್ನು ಅಲ್ಲೇ ಕ್ಯಾಮೆರಾದಲ್ಲೇ ಹಿಡಿದಿಟ್ಟುಕೊಳ್ಳಿ, ಜೊತೆಗೆ ಹೆಸರು, ಊರು. ಆಗ ನನ್ನ ಮುಂದೆ ಒಬ್ಬರ ಮುಖ ಒಬ್ಬರು ನೋಡುವ ಪ್ರಸಂಗವೂ ಬರುವುದಿಲ್ಲ.

ಸಂಗೀತದ ಮಾತು ಬಂತು. ಸಿನಿಮಾ ಹಾಡು ಹಾಕಿದರೆ ಯೂಟ್ಯೂಬ್ ತಾನೇ ಗುರುತು ಹಿಡಿದು ಹಕ್ಕಿನವರಿಗೆ ಸುದ್ದಿ ಮುಟ್ಟಿಸುತ್ತದೆ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ. ಯೂಟ್ಯೂಬಿನದೇ ಪುಕ್ಕಟೆ ಆಡಿಯೋ ಲೈಬ್ರರಿ ಇದೆ. ನನ್ನನ್ನು ಕೇಳಿದರೆ ಅದೂ ಬೇಡ. ನಿಮ್ಮ ಊರಿನ ಭಜನಿ ಮೇಳದವರನ್ನು ಕೇಳಿ ಎರಡು ನಿಮಿಷ ಹಾಡಿಸಿಕೊಳ್ಳಿ. ಬೇಡ ಅಂದವರನ್ನು ನಾನು ಈವರೆಗೆ ಕಂಡಿಲ್ಲ.

ವಿಷಯ ಆರಿಸುವ ಬಗ್ಗೆ ಮೊದಲೇ ಹೇಳಬೇಕಿತ್ತೇನೋ, ಇರಲಿ. 'ಗೋಳಗುಮ್ಮಟದ ಇತಿಹಾಸ' ಅನ್ನೋದು ಹತ್ತು ನಿಮಿಷದ ವಿಡಿಯೋ ಅಲ್ಲ. ಅದು ನೀವು ಎಲ್ಲಿಂದಲೋ ನಕಲು ಮಾಡಿ ಓದುವ ಪ್ರಬಂಧ. ಗೇಟಿನ ಹೊರಗೆ ಟಾಂಗಾ ನಿಂತಿರುತ್ತವೆ. ಒಂದು ಟಾಂಗಾ, ಒಂದು ಕುದುರೆ, ಅದರ ಒಂದು ದಿನದ ಮೇವಿನ ಖರ್ಚು, ಒಂದು ದಿನದ ಬಾಡಿಗೆ. ಇದು ವಿಡಿಯೋ. ಇದರಲ್ಲಿ ಮಹಮ್ಮದ್ ಆದಿಲ್ ಶಾಹನೂ ಬರುತ್ತಾನೆ, ಆಟೋದವರೂ ಬರುತ್ತಾರೆ, ನೀವು ಬಲವಂತ ಮಾಡಬೇಕಿಲ್ಲ. ತಾಜ್ ಬಾವಡಿಯ ಮೇಲೆ ಮಾಡುತ್ತೀರಾ? ಬಾವಿಯ ಮಗ್ಗುಲಲ್ಲಿ ಮನೆ ಇರುವ ಒಬ್ಬ ಅಜ್ಜಿಯನ್ನು ಹುಡುಕಿ, ನೀರು ಸೇದಿದ ಕಾಲದ ಮಾತು ಕೇಳಿ.

ಸಣ್ಣ ವಿಷಯ ಆರಿಸಿದರೆ ಎಡಿಟರ್ ಕೂಡ ಬದುಕುತ್ತಾನೆ. ನಾಲ್ಕು ಕೆಜಿ ದ್ರಾಕ್ಷಿ ಒಣಗಿದರೆ ಒಂದು ಕೆಜಿ ಒಣದ್ರಾಕ್ಷಿ ಸಿಗುತ್ತದೆ. ವಿಡಿಯೋದಲ್ಲೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಚೆನ್ನ. ನೀವು ಹತ್ತು ನಿಮಿಷದ ವಿಡಿಯೋಕ್ಕೆ ನಾಲ್ಕು ಗಂಟೆಯ ಸಾಮಾನು ತರುತ್ತೀರಿ. ಅದನ್ನು ಪೂರ್ತಿ ನೋಡಲಿಕ್ಕೇ ಒಬ್ಬನಿಗೆ ನಾಲ್ಕು ಗಂಟೆ ಬೇಕು, ಕತ್ತರಿಸುವ ಮಾತು ಆಮೇಲೆ. ಅವನು ರಾತ್ರಿಯೆಲ್ಲ ಕೂತಿರುತ್ತಾನೆ, ಉಳಿದವರು ಗ್ರೂಪಿನಲ್ಲಿ "ಆತಾ?" ಅಂತ ಕೇಳುತ್ತಿರುತ್ತಾರೆ. ಬೆಳಿಗ್ಗೆ ನೋಡಿ "ನನ್ನ ಶಾಟ್ ಯಾಕ್ ತಗದಿ?" ಅಂತ ಜಗಳ. ಇದನ್ನು ತಪ್ಪಿಸಲು ಎಡಿಟಿಂಗಿಗೆ ಮುಂಚೆ ಗುಂಪು ಪೂರ್ತಿ ಕೂತು ಒಂದು ಸಲ ನೋಡಬೇಕು. ಬೇಕಾದ ತುಣುಕು ಯಾವ ಫೈಲಿನಲ್ಲಿ, ಎಷ್ಟನೇ ನಿಮಿಷದಲ್ಲಿ ಅಂತ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ "ಬರೇ ಜೋಡಸೂದು" ಅಂತ ನೀವು ಹೇಳುತ್ತೀರಲ್ಲ, ವಿಡಿಯೋ ಹುಟ್ಟುವುದು ಆ ಕೆಲಸದಲ್ಲೇ.

ನನ್ನ ಮಾತು ಸಾಕು. ನೀವು ಕೇಳಿ.

ಹಿಂದಿನ ಸಾಲಿನ ಒಬ್ಬ ಹುಡುಗ ಕೇಳಿದ್ದು: ಎಐ ದನಿಯಲ್ಲಿ ನಿರೂಪಣೆ ಮಾಡಿಸಬಹುದಾ ಸರ್, ಮೈಕಿನ ರಗಳೆಯೇ ಇರುವುದಿಲ್ಲ?

ಮಾಡಿಸಬಹುದು. ಆದರೆ ಅದು ಎಲ್ಲಿಯವರ ಕನ್ನಡವೂ ಅಲ್ಲ. ನಿಮ್ಮ ರೈತರು "ಹೊಲಕ್ಕ ಹೊಂಟೀನಿ" ಅಂತಾರೆ, ಅದರ ಬೆನ್ನಿಗೇ ಆ ದನಿ ಬಂದರೆ ಬೇರೆ ಗ್ರಹದ ಮಾತಿನ ಹಾಗೆ ಕೇಳುತ್ತದೆ. ಸಬ್‌ಟೈಟಲ್ಲಿನ ಮೊದಲ ಕರಡಿಗೆ ಎಐ ಬಳಸಿ, ತಪ್ಪಿಲ್ಲ. ನಮ್ಮ ಕಡೆ ಮಾತನ್ನು ಅದು ಏನೇನೋ ಬರೆಯುತ್ತದೆ, ಕೂತು ತಿದ್ದಲೇಬೇಕು.

ಒಬ್ಬ ವಿದ್ಯಾರ್ಥಿನಿ: ಕೆಲಸವನ್ನೇ ಮಾಡದವರ ಹೆಸರನ್ನು ಕೊನೆಯ ಪಟ್ಟಿಯಿಂದ ತೆಗೆಯಬಹುದಾ?

ಮೊದಲ ದಿನ ಬರೆದ ಹಾಳೆಯಲ್ಲಿ ಅವರಿಗೆ ಕೆಲಸ ಕೊಟ್ಟಿದ್ದಿರಾ? ಕೊಟ್ಟೂ ಮಾಡಿಲ್ಲ ಅಂದರೆ ತೆಗೆಯಿರಿ, ಆದರೆ ಮೇಷ್ಟ್ರಿಗೆ ಹೇಳಿ, ಆ ಹುಡುಗನಿಗೂ ಎದುರಿಗೇ ಹೇಳಿ. ಕೊಟ್ಟೇ ಇಲ್ಲ ಅಂದರೆ ಹೆಸರು ಇರಲಿ.

ಕೊನೆಗೆ ಒಬ್ಬ ಅಧ್ಯಾಪಕರು ಕೇಳಿದರು: ಎಲ್ಲರಿಗೂ ಒಂದೇ ಅಂಕ ಕೊಡುವುದು ಅನ್ಯಾಯ ಅಂತ ಗೊತ್ತು, ಬೇರೆ ಬೇರೆ ಕೊಡುವುದು ಹೇಗೆ?

ವೈವಾ ದಿನ ಮುಗಿದ ವಿಡಿಯೋ ಒಂದನ್ನೇ ನೋಡಬೇಡಿ ಸರ್. ಒಬ್ಬೊಬ್ಬರನ್ನೂ ಕರೆದು, ತಾವು ಮಾಡಿದ ಕೆಲಸ ಯಾವ ಹತ್ತು ಸೆಕೆಂಡಿನಲ್ಲಿ ಇದೆ ಅಂತ ಲ್ಯಾಪ್‌ಟಾಪಿನಲ್ಲಿ ತೋರಿಸಲು ಹೇಳಿ. ದನಿಯವರು ಸ್ಕ್ರೀನ್ ಆಫ್ ಮಾಡಿ ಬರೀ ಕೇಳಿಸಲಿ. ಫೈಲ್ ನೋಡಿಕೊಂಡವರು ನೀವು ಕೇಳಿದ ಒರಿಜಿನಲ್ ತುಣುಕನ್ನು ಒಂದು ನಿಮಿಷದಲ್ಲಿ ಹುಡುಕಿ ಕೊಡಲಿ. ಒಪ್ಪಿಗೆ ತಂದವರು ಮಾತಾಡಿದವರ ಹೆಸರು, ಊರು ಹೇಳಲಿ. ನಿರ್ದೇಶಕನನ್ನು ಎಲ್ಲರಿಗಿಂತ ಕೊನೆಗೆ ಕರೆಯಿರಿ.

ಮುಂದಿನ ಸೆಮಿಸ್ಟರಿಗೆ ಹೀಗೇ ಮಾಡಿ ನೋಡುತ್ತೇನೆ ಅಂತ ಅವರು ಅಲ್ಲೇ ಹೇಳಿದರು. ಅದಕ್ಕೆ ಮುಂದಿನ ಸಾಲಿನ ಅಧ್ಯಾಪಕರು ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನಿಂದ ಮಾತ್ರ ಸದ್ದಿಲ್ಲ.